ಅಪ್ಪನ ಜೀಪಿಗೆ ಹೊಸ ಬ್ರೇಕ್ ಪೈಪು: ಬಂಡಿ ಪೈಪೇ ಹಾಕ್ಲಾ, ತಾಮ್ರಾನಾ, ಸ್ಟೇನ್‌ಲೆಸ್ಸಾ?

ತುಮಕೂರು_ಸಿಜೆ3ಬಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಅಪ್ಪನ ಮಹೀಂದ್ರ ಸಿಜೆ-3ಬಿ ಜೀಪು ಕ್ಯಾತ್ಸಂದ್ರದ ನಮ್ಮನೆ ಹಿಂದಿನ ಶೆಡ್ಡಲ್ಲಿ ಆರು ವರ್ಷ ನಿಂತಿತ್ತು. ಅಪ್ಪ ಹೋದ ಮೇಲೆ ಯಾರೂ ಅದರ ಹತ್ರ ಹೋಗಿರಲಿಲ್ಲ. ಈ ಸಲ ಇಂಜಿನ್ ರಿಪೇರಿ ಮಾಡಿಸಿ, ವೀಲ್ ಸಿಲಿಂಡರ್‌ಗೆಲ್ಲಾ ಹೊಸ ಕಿಟ್ ಹಾಕಿಸಿ, ಹೊಸ ಲೈನರ್ ಹಾಕಿಸಿ ಓಡಿಸೋಕೆ ಶುರು ಮಾಡಿದೆ. ಪೈಪುಗಳನ್ನ ಮಾತ್ರ ಮುಟ್ಟಿಸಲಿಲ್ಲ. ಕೆಲಸ ಮಾಡಿದ ಮೆಕ್ಯಾನಿಕ್ಕು "ಪೈಪ್ ಗಟ್ಟಿ ಇದೆ ಸಾರ್" ಅಂದ್ರು, ಮೇಲೆ ಕಪ್ಪು ಬಣ್ಣ ಹೊಡೆದಿದ್ದರಿಂದ ನನಗೂ ಹಾಗೇ ಕಾಣಿಸ್ತು.

ಎರಡು ಭಾನುವಾರದ ಹಿಂದೆ ಅಮ್ಮನ್ನ ಕೂರಿಸ್ಕೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಇಳಿಯುವಾಗ ಮೊದಲ ತಿರುವಲ್ಲಿ ಪೆಡಲ್ ಯಾಕೋ ಮೆತ್ತಗಾಯ್ತು. ಎರಡು ಸಲ ಒತ್ತಿ ಬಿಟ್ಟೆ, ಹಿಡೀತು. ಮುಂದಿನ ತಿರುವಿಗೆ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ. ಪುಣ್ಯಕ್ಕೆ ಎರಡನೇ ಗೇರಲ್ಲಿದ್ದೆ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಬರಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದೆ ಒಂದು ಡ್ರಮ್ ಇದೆ, ಅದು ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತೆ. ಎಳೆದೆ. ಗಾಡಿ ಅದುರಿ, ಎಡಗಡೆ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತುಕೊಳ್ತು. ಅಮ್ಮ ಒಂದು ಮಾತೂ ಆಡಲಿಲ್ಲ, ನನ್ನ ಭುಜ ಹಿಡಿದಿದ್ದ ಕೈ ಮಾತ್ರ ಬಿಡಲೇ ಇಲ್ಲ.

ಕೆಳಗೆ ನುಗ್ಗಿ ನೋಡಿದರೆ ಹಿಂದಿನ ಆಕ್ಸಲ್ ಮೇಲೆ, ಕ್ಲಾಂಪಿನ ಅಡಿಯಲ್ಲಿ, ಗುಂಡುಸೂಜಿ ಗಾತ್ರದ ತೂತು. ಉಗುರಲ್ಲಿ ಕೆರೆದರೆ ಬಣ್ಣ ಈರುಳ್ಳಿ ಸಿಪ್ಪೆ ಥರ ಬಿಟ್ಕೊಂಡು ಬಂತು, ಒಳಗೆ ಬರೀ ತುಕ್ಕಿನ ಪುಡಿ. ಪೆಡಲ್ ಒತ್ತಿದಾಗ ಪೈಪಿಗೆ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಇದರಲ್ಲಿ ಸಿಂಗಲ್. ಒಂದು ಕಡೆ ತೂತಾದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ.

ಈಗ ಎಲ್ಲಾ ಪೈಪೂ ಬದಲಿಸಬೇಕು. ಒಬ್ಬರು ಎಸಿ ಅಂಗಡಿಯ ತಾಮ್ರದ ಪೈಪ್ ಹಾಕಿ, ಜನ್ಮದಲ್ಲಿ ತುಕ್ಕು ಹಿಡಿಯಲ್ಲ ಅಂತಾರೆ. ಇನ್ನೊಬ್ಬರು ಸ್ಟೇನ್‌ಲೆಸ್ ಅಂತಾರೆ. ಸ್ಪೇರ್ಸ್ ಅಂಗಡಿಯವರು ಬಂಡಿ ಪೈಪೇ ಸಾಕು ಅಂತಾರೆ. ಯಾವುದು ಸರಿ? ದುಡ್ಡಿನ ಲೆಕ್ಕ ನೋಡ್ತಿಲ್ಲ. ಅಮ್ಮನ್ನ ಇನ್ನೊಂದ್ಸಲ ಧೈರ್ಯವಾಗಿ ಕೂರಿಸ್ಕೊಂಡು ಹೋಗೋ ಹಾಗಾಗಬೇಕು, ಅಷ್ಟೇ.

ಕೋಲಾರ_ಗ್ಯಾರೇಜ್

ಮೊದಲು ಅಮ್ಮ, ನೀವು ಇಬ್ಬರೂ ಕ್ಷೇಮವಾಗಿ ಬಂದ್ರಲ್ಲ, ಅಷ್ಟು ಸಾಕು.

ತಮ್ಮಾ, ಮುಖ್ಯವಾದ ಮಾತು ಮೊದಲೇ ಹೇಳ್ತೀನಿ. ತೂತಾದ ತುಂಡು ಕತ್ತರಿಸಿ ನಡುವೆ ಜಾಯಿಂಟ್ ಹಾಕೋಣ ಅಂತ ಯಾರಾದ್ರೂ ಹೇಳಿದರೆ ಒಪ್ಪಬೇಡ. ನೀರಿನ ಫಿಲ್ಟರಿಗೆ, ಗ್ಯಾಸ್ ಪೈಪಿಗೆ ಹಿತ್ತಾಳೆ ಉಂಗುರ ಹಾಕಿ ಬಿಗೀತಾರಲ್ಲ, ಆ ಜಾಯಿಂಟ್ ಬ್ರೇಕಿಗೆ ಯಾವತ್ತೂ ಬೇಡ. ಒತ್ತಡಕ್ಕೆ ಪೈಪ್ ಜಾರಿ ಆಚೆ ಬರುತ್ತೆ. ಗ್ಯಾಸ್ ವೆಲ್ಡಿಂಗೂ ಬೇಡ. ಒಂದು ಕಡೆ ತೂತು ಬಿದ್ದಿದೆ ಅಂದ್ರೆ ಉಳಿದದ್ದಕ್ಕೂ ಅದೇ ವಯಸ್ಸು.

ಬಂಡಿ ಪೈಪ್ ಅಂದ್ರೆ ಗಾಡಿ ಪೈಪ್ ಅಂತ ಎಷ್ಟೋ ಜನ ತಿಳ್ಕೊಂಡಿದಾರೆ, ನಮ್ಮ ಭಾಷೇಲಿ ಬಂಡಿ ಅಂದ್ರೆ ಗಾಡಿ ತಾನೆ. ಅದು ಅಮೆರಿಕದ ಡೆಟ್ರಾಯ್ಟಿನ ಬಂಡಿ ಅನ್ನೋ ಕಂಪನಿಯ ಹೆಸರು. ತೆಳ್ಳಗಿನ ಉಕ್ಕಿನ ಪಟ್ಟಿಗೆ ತಾಮ್ರ ಸವರಿ, ಎರಡು ಸುತ್ತು ಸುರುಳಿ ಸುತ್ತಿ, ಕುಲುಮೇಲಿ ಕಾಯಿಸ್ತಾರೆ. ತಾಮ್ರ ಕರಗಿ ಎರಡೂ ಸುತ್ತನ್ನ ಒಂದೇ ಗೋಡೆ ಮಾಡುತ್ತೆ. ಹ್ಯಾಕ್ಸಾ ಬ್ಲೇಡಲ್ಲಿ ಕತ್ತರಿಸಿ ಬಿಸಿಲಿಗೆ ಹಿಡಿದು ನೋಡಿದರೆ ಒಳಗೋಡೇಲಿ ತಾಮ್ರದ ಬಣ್ಣ ಕಾಣುತ್ತೆ. ಗಟ್ಟಿ ಪೈಪ್, ಅದರಲ್ಲಿ ಎರಡು ಮಾತಿಲ್ಲ. ಹೊರಗಡೆ ತುಕ್ಕು ಹಿಡಿಯೋದೊಂದೇ ಅದರ ಕಾಯಿಲೆ.

ಆದರೂ ನಾನಾಗಿದ್ರೆ ಕ್ಯೂಪ್ರೊನಿಕಲ್, ಅಂದ್ರೆ ತಾಮ್ರಕ್ಕೆ ನಿಕಲ್ ಬೆರೆಸಿದ ಪೈಪ್ ಹಾಕ್ತಿದ್ದೆ. ಕೈಯಲ್ಲೇ ಬಗ್ಗುತ್ತೆ, ಫ್ಲೇರ್ (ಜಾಯಿಂಟಲ್ಲಿ ಕೂರೋಕೆ ಅಗಲಿಸಿದ ಪೈಪಿನ ತುದಿ) ಚೆನ್ನಾಗಿ ಕೂರುತ್ತೆ, ತುಕ್ಕಿನ ಮಾತೇ ಇಲ್ಲ. ಬೆಂಗಳೂರಿನ ಜೆಸಿ ರೋಡಲ್ಲಿ ಕೇಳಿ ನೋಡು.

ಎಸಿ_ಮೆಕ್ಯಾನಿಕ್_ಶಿರಾ

ತಾಮ್ರ ಬೇಡ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ. ನಾನು ದಿನಾ ತಾಮ್ರದ ಪೈಪಿನ ಜೊತೆ ಬದುಕೋನು. ಆರ್-410ಎ ಗ್ಯಾಸಿನ ಎಸಿಯಲ್ಲಿ ನಮ್ಮ ಶಿರಾ ಬೇಸಿಗೆಗೆ ಒತ್ತಡ ಚದರ ಇಂಚಿಗೆ 400 ಪೌಂಡ್, ಅಂದ್ರೆ 400 ಪಿಎಸ್‌ಐ ದಾಟುತ್ತೆ. ಪೈಪ್ ಹಾಕಿದ ಮೇಲೆ ಅದಕ್ಕಿಂತ ಜಾಸ್ತಿ ನೈಟ್ರೋಜನ್ ತುಂಬಿ ಬಿಡ್ತೀವಿ, ಏನೂ ಆಗಲ್ಲ. ಇಂಗ್ಲೆಂಡಲ್ಲಿ ತಾಮ್ರದ ಬ್ರೇಕ್ ಪೈಪನ್ನ ಅಂಗಡೀಲೇ ಮಾರ್ತಾರೆ. ಮತ್ತೆ ನಮ್ಮ ಜೀಪಿಗೆ ಯಾಕೆ ಆಗಬಾರದು? ಜಗಳಕ್ಕೆ ಕೇಳ್ತಿಲ್ಲ, ನನ್ನ ಹತ್ರಾನೂ ಜನ ಬಂದು ಪೈಪ್ ಕೇಳ್ತಾರೆ, ಕೊಡಬೇಕೋ ಬೇಡವೋ ಗೊತ್ತಾಗಬೇಕು.

ಲೇತ್_ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದ್ರಿ. ವಸಂತನರಸಾಪುರದಲ್ಲಿ ಟೂಲ್ ರೂಮ್ ಕೆಲಸ ನಂದು. ಲೆಕ್ಕ ಹಾಕೇ ನೋಡೋಣ.

ಕಾಲಿನ ಒತ್ತು 50 ಕೆಜಿ, ಪೆಡಲಿನ ಸನ್ನೆ ಅದನ್ನ ಐದು ಪಟ್ಟು ಮಾಡುತ್ತೆ ಅಂತ ಇಟ್ಕೊಳ್ಳಿ. ಮಾಸ್ಟರ್ ಸಿಲಿಂಡರ್ ರಾಡಿನ ಮೇಲೆ 250 ಕೆಜಿ ಆಯ್ತು. ಪಿಸ್ಟನ್ 1 ಇಂಚಿನದು ಅಂದ್ರೆ ಅದರ ಮುಖ ಸುಮಾರು 5 ಚದರ ಸೆಂಟಿಮೀಟರ್. ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 50 ಕೆಜಿ, ಅಂದ್ರೆ 700 ಪಿಎಸ್‌ಐ. ಎದುರಿಗೆ ಹಸು ಅಡ್ಡ ಬಂದಾಗ ಯಾರೂ 50 ಕೆಜಿ ಒತ್ತಲ್ಲ, ಸೀಟಿಗೆ ಬೆನ್ನು ಕೊಟ್ಟು 80 ಕೆಜಿ ಒತ್ತಿಬಿಡ್ತಾರೆ. ಆಗ 1,100 ಪಿಎಸ್‌ಐ. ಬೂಸ್ಟರ್ ಇರೋ ಕಾರಲ್ಲಿ ಇನ್ನೂ ಮೇಲೆ ಹೋಗುತ್ತೆ. ನಿಮ್ಮ ಎಸಿಯ ಎರಡೂವರೆ, ಮೂರು ಪಟ್ಟು.

ಆದರೆ ಅಣ್ಣ, ತಾಮ್ರ ಆ ಒತ್ತಡಕ್ಕೆ ಒಡೆಯಲ್ಲ, ಅದನ್ನ ತಡೆಯುತ್ತೆ. ತೊಂದರೆ ಬೇರೆ ಕಡೆ ಇದೆ. ತಾಮ್ರವನ್ನ ಬಗ್ಗಿಸಿದಷ್ಟೂ, ಅಲ್ಲಾಡಿಸಿದಷ್ಟೂ ಅದು ಗಡುಸಾಗ್ತಾ ಹೋಗುತ್ತೆ. ಹೊಸದಾಗಿ ಸುರುಳಿ ಬಿಚ್ಚಿದಾಗ ಮೆತ್ತಗಿರೋ ಪೈಪನ್ನ ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ, ಹನ್ನೊಂದನೇ ಸಲ ಕೈಗೆ ಬೇರೆ ಥರಾನೇ ಸಿಗುತ್ತೆ. ಎಸಿ ಪೈಪ್ ಗೋಡೆಗೆ ಅಂಟಿಕೊಂಡಿರುತ್ತೆ. ಜೀಪಿನ ಪೈಪ್ ಡೀಸೆಲ್ ಇಂಜಿನ್ ಜೊತೆ, ಹೊಲದ ಬದುವಿನ ಜೊತೆ ವರ್ಷಗಟ್ಟಲೆ ನಡುಗ್ತಾ ಇರುತ್ತೆ. ಬಿರುಕು ಬಿಡೋದು ನಡುವೆ ಅಲ್ಲ, ಫ್ಲೇರಿನ ಕುತ್ತಿಗೇಲಿ, ನಟ್ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಎರಡನೇದು, ನಿಮ್ಮ ಫ್ಲೇರಿಂಗ್ ಟೂಲ್ ಹಾಕೋದು ಒಂದೇ ಮಡಿಕೆ. ಬ್ರೇಕಿಗೆ ಬೇಕಾಗಿರೋದು ಡಬಲ್ ಫ್ಲೇರ್, ತುದಿ ಒಳಕ್ಕೆ ಮಡಚಿ ಎರಡು ಪದರ ಆಗಬೇಕು. ಇಂಗ್ಲೆಂಡಲ್ಲಿ ಮಾರೋದು ಬ್ರೇಕಿಗೆ ಅಂತಲೇ ಗಾತ್ರ, ಗೋಡೆ ದಪ್ಪ ನೋಡಿ ಮಾಡಿದ ಪೈಪ್. ಎಸಿ ಅಂಗಡಿಯ ಕಾಯಿಲ್ ಅದಲ್ಲ.

ದಯವಿಟ್ಟು ಬ್ರೇಕಿಗೆ ಅಂತ ಕೇಳಿ ಬಂದವರಿಗೆ ಕೊಡಬೇಡಿ.

ಎಸಿ_ಮೆಕ್ಯಾನಿಕ್_ಶಿರಾ

ಅರ್ಥ ಆಯ್ತು ಮೇಷ್ಟ್ರೇ. ಇನ್ನು ಕೊಡಲ್ಲ. ಹೋದ ವರ್ಷ ಒಬ್ಬ ಹುಡುಗನಿಗೆ ಓಮ್ನಿಗೆ ಅಂತ ಆರು ಅಡಿ ಕೊಟ್ಟಿದ್ದೆ. ಅವನ ನಂಬರ್ ಇದೆ, ಇವತ್ತೇ ಫೋನ್ ಮಾಡಿ ತೆಗೆಸು ಅಂತೀನಿ.

ನಂದಿ_ಘಾಟಿ

ಚಿಕ್ಕಬಳ್ಳಾಪುರದಿಂದ. ಸ್ಟೇನ್‌ಲೆಸ್ ಬಗ್ಗೆ ನನ್ನ ಅನುಭವ ಹೇಳ್ತೀನಿ, ನಾನೇ ಹಾಕಿ ನೋಡಿದೀನಿ. ನೋಡೋಕೆ ಬೆಳ್ಳಿ ಹಾಗಿತ್ತು, ಎಷ್ಟು ಖುಷಿ ಆಗಿತ್ತು ಅಂದ್ರೆ ಗಾಡಿ ಕೆಳಗೆ ಬಗ್ಗಿ ಬಗ್ಗಿ ತೋರಿಸ್ತಿದ್ದೆ. ಆದರೆ ಸ್ಟೇನ್‌ಲೆಸ್ ಗಡುಸು. ಡಬಲ್ ಫ್ಲೇರ್ ಮಾಡೋಕೆ ಹೋದರೆ ತುದಿ ಸೀಳುತ್ತೆ. ಹೇಗೋ ಮಾಡಿದ್ರೂ ಹಿತ್ತಾಳೆ ಟೀ (ಪೈಪ್ ಕವಲಾಗೋ ಜಾಯಿಂಟ್) ಒಳಗಿನ ಕೋನಿಗೆ ಒಪ್ಪಿಕೊಂಡು ಕೂರಲ್ಲ. ಮೆತ್ತಗಿನ ಪೈಪ್ ಆದರೆ ನಟ್ ಬಿಗಿದಾಗ ತಾನೇ ಸ್ವಲ್ಪ ಹಿಸುಕಿಕೊಂಡು ಸಂದು ಮುಚ್ಚುತ್ತೆ, ಇದು ಹಿಸುಕಲ್ಲ. ಬಿಗಿ ಮಾಡಿದೆ, ಒಸರ್ತು. ಇನ್ನೂ ಬಿಗಿ ಮಾಡಿದೆ, ಟೀ ಒಳಗಿನ ಕೋನೇ ಗೀರು ಬಿತ್ತು. ಮೂರು ಟೀ ಹಾಳಾದವು. ಸ್ಟೇನ್‌ಲೆಸ್ಸಿಗೆ ಸರಿಯಾದ ದಾರಿ ಅಂದ್ರೆ 37 ಡಿಗ್ರಿಯ ಸಿಂಗಲ್ ಫ್ಲೇರ್, ಅದರ ಹಿಂದೆ ಒಂದು ಸ್ಲೀವ್, ಅದಕ್ಕೇ ಬೇರೆ ನಟ್ಟು, ಬೇರೆ ಅಡಾಪ್ಟರು. ರೇಸ್ ಗಾಡಿಯವರು ಹಾಗೆ ಮಾಡ್ತಾರೆ. ನಮ್ಮಂಥೋರ ಜೀಪಿಗೆ ಅಷ್ಟೊಂದು ಅಡಾಪ್ಟರ್ ಯಾಕೆ? ಒಂದೊಂದು ಜಾಯಿಂಟೂ ಒಸರೋಕೆ ಒಂದೊಂದು ಜಾಗ.

ಕೊನೆಗೆ ಎಲ್ಲಾ ಬಿಚ್ಚಿ ಉಕ್ಕಿನ ಬಂಡಿ ಪೈಪೇ ಹಾಕಿಸಿದೆ. ನಂದಿ ಬೆಟ್ಟ ಹತ್ತಿ ಇಳಿದು ನಾಲ್ಕು ವರ್ಷ ಆಯ್ತು, ಒಂದು ಹನಿ ಇಲ್ಲ.

ಗುಬ್ಬಿ_ತೋಟ

ಒಂದು ಸಂದೇಹ. ನಮ್ಮ ಜೀಪು ದನದ ಕೊಟ್ಟಿಗೆ ಪಕ್ಕದಲ್ಲೇ ನಿಲ್ಲೋದು. ತೋಟಕ್ಕೆ ಕೋಳಿ ಗೊಬ್ಬರ, ಯೂರಿಯಾ ಮೂಟೆ ಎಲ್ಲಾ ಅದರಲ್ಲೇ ಸಾಗಿಸೋದು. ಹಿತ್ತಾಳೆ ನಟ್ಟೆಲ್ಲಾ ಹಸಿರು ತಿರುಗಿದೆ. ಇದಕ್ಕೆ ಯಾವ ಪೈಪು?

ಲೇತ್_ಮೇಷ್ಟ್ರು

ತುಂಬಾ ಮುಖ್ಯವಾದದ್ದು ಕೇಳಿದ್ರಿ. ಗಂಜಲ, ಕೋಳಿ ಗೊಬ್ಬರ, ಒದ್ದೆಯಾದ ಯೂರಿಯಾ, ಮೂರರಿಂದಲೂ ಅಮೋನಿಯಾ ಏಳುತ್ತೆ. ಮೂಗಿಗೆ ಚುರ್ ಅನ್ನುತ್ತಲ್ಲ, ಅದೇ. ತಾಮ್ರದ ಜಾತಿಗೆ ಅಮೋನಿಯಾ ಆಗಿಬರಲ್ಲ. ಬಿಗಿದ ಹಿತ್ತಾಳೆ ಮೇಲೆ ಅದು ಕೂತರೆ ಒಳಗೊಳಗೇ ಬಿರುಕು ಬಿಡುತ್ತೆ, ಬರೀ ತಾಮ್ರವನ್ನೂ ತಿನ್ನುತ್ತೆ. ಕ್ಯೂಪ್ರೊನಿಕಲ್ ಇವೆರಡಕ್ಕಿಂತ ತಾಳಿಕೊಳ್ಳುತ್ತೆ. ಆದರೂ ನಿಮಗೆ ನಾನು ಹೇಳೋದು ಪ್ಲಾಸ್ಟಿಕ್ ಕೋಟಿಂಗ್ ಇರೋ ಬಂಡಿ ಪೈಪ್, ಉಕ್ಕಿನ ನಟ್ಟು. ವಾರಕ್ಕೊಂದ್ಸಲ ಚಾಸಿ ಕೆಳಗೆ ನೀರು ಹೊಡೀರಿ. ಸಾಧ್ಯ ಆದರೆ ಗಾಡಿ ಕೊಟ್ಟಿಗೆಯಿಂದ ಆಚೆ ನಿಲ್ಲಿಸಿ. ಹಸಿರು ತಿರುಗಿದ ನಟ್ಟುಗಳನ್ನ ಈಗಲೇ ಬದಲಿಸಿ, ಬಿರುಕು ಮೊದಲೇ ಹೇಳಿ ಬರಲ್ಲ.

ಕ್ಯೂಪ್ರೊನಿಕಲ್ ಬಗ್ಗೆ ಕೋಲಾರದ ಅಣ್ಣ ಹೇಳಿದ್ದಕ್ಕೆ ಸೇರಿಸ್ತೀನಿ. ಬ್ರೇಕ್ ಪೈಪಲ್ಲಿ 90 ಭಾಗ ತಾಮ್ರ, 10 ಭಾಗ ನಿಕಲ್, ಜೊತೆಗೆ ಒಂಚೂರು ಕಬ್ಬಿಣ, ಮ್ಯಾಂಗನೀಸ್. ನಮ್ಮ ಹಳೇ ಒಂದು ರೂಪಾಯಿ ನಾಣ್ಯ ಇತ್ತಲ್ಲ, ಅದೂ ಕ್ಯೂಪ್ರೊನಿಕಲ್ಲೇ, ಅದರಲ್ಲಿ ನಿಕಲ್ 25 ಭಾಗ. ಎಷ್ಟು ವರ್ಷ ಜನರ ಬೆವರಲ್ಲಿ ಓಡಾಡಿದರೂ ತುಕ್ಕು ಹಿಡಿಯಲಿಲ್ಲ. ವೋಲ್ವೋ ಕಂಪನಿಯವರು 1976ರಿಂದ ಕಾರಿಗೆ ಇದೇ ಪೈಪ್ ಹಾಕಿದ್ರು. ಸ್ವೀಡನ್ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರೀತಾರೆ, ಉಕ್ಕಿನ ಪೈಪ್ ಉಳಿಯಲ್ಲ. ನಮ್ಮ ತುಮಕೂರು, ಕೋಲಾರದ ರಸ್ತೇಲಿ ಉಪ್ಪೂ ಇಲ್ಲ, ವರ್ಷದಲ್ಲಿ ಮುಕ್ಕಾಲು ಪಾಲು ಒಣ ಹವೆ. ಹಾಗಾಗಿ ಅಲ್ಲಿಯಷ್ಟು ಅನಿವಾರ್ಯ ಇಲ್ಲಿಲ್ಲ. ಮಂಗಳೂರು, ಕಾರವಾರದ ಕಡೆಯಿಂದ ಕೊಂಡು ತಂದ ಗಾಡಿ ಆದರೆ ಬೇರೆ ಮಾತು.

ಕೋಲಾರ_ಗ್ಯಾರೇಜ್

ಮೇಷ್ಟ್ರ ಲೆಕ್ಕ ಒಪ್ತೀನಿ. ಆದರೆ ಗ್ಯಾರೇಜಲ್ಲಿ ನಡೆಯೋದೇ ಬೇರೆ. ಉಕ್ಕಿನ ಪೈಪನ್ನ ಹುಡುಗರು ಬೆಂಡರ್ ಇಲ್ಲದೆ ಮೊಣಕಾಲಿಗೆ ಕೊಟ್ಟು ಬಗ್ಗಿಸ್ತಾರೆ, ಒಳಗೆ ಚಪ್ಪಟೆ ಆಗಿರುತ್ತೆ. ಫ್ಲೇರ್ ಸೊಟ್ಟ ಆಗಿರುತ್ತೆ. ಕ್ಯೂಪ್ರೊನಿಕಲ್ ಆ ತಪ್ಪುಗಳನ್ನ ಸ್ವಲ್ಪ ತಡ್ಕೊಳ್ಳುತ್ತೆ. ನನ್ನ ಮಾತು ನಾನು ಬಿಡಲ್ಲ.

ಒಂದೇ ಎಚ್ಚರ, ಅಂಗಡೀಲಿ ಬರೀ ತಾಮ್ರವನ್ನೇ ಕ್ಯೂಪ್ರೊನಿಕಲ್ ಅಂತ ಕೊಡ್ತಾರೆ. ಕತ್ತರಿಸಿದ ತುದಿ ಮರಳುಕಾಗದದಲ್ಲಿ ಉಜ್ಜಿ ನೋಡು. ಕೆಂಪಗೆ ಹೊಳೆದರೆ ತಾಮ್ರ. ಸ್ವಲ್ಪ ಮಾಸಲು, ಬಿಳಿಗೆ ತಿರುಗಿದ ಕಂದು ಬಣ್ಣ ಇದ್ದರೆ ನಿಕಲ್ ಇದೆ. ಪಕ್ಕದಲ್ಲಿ ಎಸಿ ಪೈಪಿನ ತುಂಡು ಇಟ್ಕೊಂಡ್ರೆ ವ್ಯತ್ಯಾಸ ಹೇಳಿಕೊಡೋದೇ ಬೇಡ. ಹಳೇ ಸ್ಪೀಕರಿನ ಅಯಸ್ಕಾಂತ ಜೇಬಲ್ಲಿಟ್ಕೊ. ಬಂಡಿ ಪೈಪಿಗೆ ಅಂಟುತ್ತೆ, ಇವೆರಡಕ್ಕೂ ಅಂಟಲ್ಲ.

ಚಿಂತಾಮಣಿ_800

ಎಲ್ಲರೂ ಲೋಹದ ಪೈಪನ್ನೇ ಹಿಡ್ಕೊಂಡಿದ್ದೀರಿ, ರಬ್ಬರ್ ಹೋಸ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ಬಿಟ್ಟರೆ ಅಣ್ಣನ ಕೆಲಸ ಅರ್ಧ ಆದ ಹಾಗೆ.

ನನ್ನ ಮಾರುತಿ 800 ಬ್ರೇಕ್ ಒತ್ತಿದಾಗೆಲ್ಲಾ ಎಡಕ್ಕೆ ಎಳೀತಿತ್ತು. ಎರಡು ಸಲ ಬ್ರೇಕ್ ಪ್ಯಾಡ್ ಬದಲಿಸಿದ್ರು, ವೀಲ್ ಅಲೈನ್‌ಮೆಂಟ್ ಮಾಡಿಸಿದ್ರು, ಟೈರ್ ಅದಲು ಬದಲು ಮಾಡಿದ್ರು. ಶಾಲೆಗೆ ಮಕ್ಕಳನ್ನ ಬಿಡೋಕೆ ಹೋಗುವಾಗ ದಿನಾ ಸ್ಟೀರಿಂಗ್ ಬಲಕ್ಕೆ ಹಿಡ್ಕೊಂಡೇ ಬ್ರೇಕ್ ಹಾಕ್ತಿದ್ದೆ. ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಗಾಡಿ ಎತ್ತಿ, ನನ್ನ ಹತ್ರ ಬ್ರೇಕ್ ಒತ್ತಿ ಬಿಡಿಸಿ, ಎಡಗಡೆ ಚಕ್ರ ಕೈಯಲ್ಲಿ ತಿರುಗಿಸಿದ್ರು. ತಿರುಗಲಿಲ್ಲ. ಒಂದು ನಿಮಿಷ ಬಿಟ್ಟು ತಿರುಗಿಸಿದ್ರು, ಆರಾಮಾಗಿ ತಿರುಗ್ತು. "ಹೋಸ್ ಒಳಗೆ ಊದ್ಕೊಂಡಿದೆಯಮ್ಮ, ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ" ಅಂದ್ರು. ಬಿಚ್ಚಿ ನನ್ನೆದುರಿಗೇ ಉದ್ದಕ್ಕೆ ಸೀಳಿ ತೋರಿಸಿದ್ರು. ಹೊರಗೆ ಹೊಸದರ ಹಾಗೆ ಕಪ್ಪಗಿದ್ದ ಹೋಸಿನ ಒಳಗೆ ರಬ್ಬರ್ ಕಿತ್ತು, ನಾಲಗೆ ಥರ ಒಂದು ಚೂರು ದಾರಿಗೆ ಅಡ್ಡ ನಿಂತಿತ್ತು. ಆ ಚೂರನ್ನ ಇವತ್ತಿಗೂ ಇಟ್ಕೊಂಡಿದೀನಿ.

ಮುಂದಿನ ಎರಡು, ಹಿಂದಿನ ಒಂದು, ಹೋಸ್ ಎಲ್ಲಾ ಹೊಸದೇ ಹಾಕಿಸಿ ಅಣ್ಣ.

ಲೇತ್_ಮೇಷ್ಟ್ರು

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಅದರ ಜೊತೆಗೆ ಒಂದು ಅಪಾಯದ ವಿಷಯ. ಅಂತರಸನಹಳ್ಳಿ ಕಡೆ ಜೆಸಿಬಿ, ಟ್ರಾಕ್ಟರ್ ಹೈಡ್ರಾಲಿಕ್ ಹೋಸನ್ನ ನಿಂತ ನಿಲುವಲ್ಲೇ ಕ್ರಿಂಪ್ ಮಾಡಿಕೊಡ್ತಾರೆ. ಅದಕ್ಕೆ ಎಷ್ಟೋ ಪಟ್ಟು ಒತ್ತಡ ತಡೆಯೋ ಶಕ್ತಿ ಇದೆ, ಅದನ್ನೇ ಬ್ರೇಕಿಗೂ ಹಾಕೋಣ ಅನ್ನಿಸುತ್ತೆ. ಬೇಡ. ಆ ಹೋಸಿನ ಒಳಗಿರೋದು ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್, ಖನಿಜ ಎಣ್ಣೆಗೆ ಮಾಡಿದ್ದು. ನಾವು ಬ್ರೇಕ್ ಆಯಿಲ್ ಅಂತೀವಿ, ಆದರೆ ಡಾಟ್ 3, ಡಾಟ್ 4 ಎಣ್ಣೆಯೇ ಅಲ್ಲ, ಗ್ಲೈಕಾಲ್. ಅದರಲ್ಲಿ ಆ ರಬ್ಬರ್ ಊದಿ ಮೆತ್ತಗಾಗುತ್ತೆ. ಬ್ರೇಕಿನ ರಬ್ಬರ್ ಬೇರೆ ಜಾತಿ. ಇದೇ ಕಾರಣಕ್ಕೆ ಪೈಪ್ ತೊಳೆಯೋಕೆ ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ. ಒಂದು ಹನಿ ಉಳಿದರೂ ಹೊಸ ಕಿಟ್ಟಿನ ರಬ್ಬರ್ ಊದಿ ಪಿಸ್ಟನ್ ಸಿಕ್ಕಿಹಾಕ್ಕೊಳ್ಳುತ್ತೆ.

ಸ್ಟೀಲ್ ಜಾಲರಿ ಹೆಣೆದ ಹೋಸ್ ಬರುತ್ತೆ, ಒಳಗೆ ಟೆಫ್ಲಾನ್. ಒಳ್ಳೇದೇ, ಪೆಡಲ್ ಗಟ್ಟಿ ಸಿಗುತ್ತೆ. ಆದರೆ ಬ್ರೇಕಿಗೆ ಅಂತಲೇ ಮಾಡಿ, ತುದಿ ಕ್ರಿಂಪ್ ಮಾಡಿ ಬಂದದ್ದೇ ಆಗಬೇಕು. ಜೀಪಿನ ಡ್ರಮ್ ಬ್ರೇಕಿಗೆ ಒಳ್ಳೇ ರಬ್ಬರ್ ಹೋಸ್ ಧಾರಾಳ ಸಾಕು.

ತುಮಕೂರು_ಸಿಜೆ3ಬಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಜೆಸಿ ರೋಡಿಗೆ ಹೋಗಿ ಬಂದೆ. ಒಂದು ಅಂಗಡೀಲಿ ಕ್ಯೂಪ್ರೊನಿಕಲ್ ಅಂತ ಒಂದು ಕಾಯಿಲ್ ಕೊಟ್ಟರು. ಮರಳುಕಾಗದ ಒಯ್ದಿದ್ದೆ, ಉಜ್ಜಿದೆ, ಪೂಜೆ ತಂಬಿಗೆ ಥರ ಕೆಂಪಗೆ ಹೊಳೀತು. ಕೈಮುಗಿದು ವಾಪಸ್ ಕೊಟ್ಟೆ. ಕೊನೆಗೆ ಹಸಿರು ಪ್ಲಾಸ್ಟಿಕ್ ಕೋಟಿಂಗ್ ಇರೋ ಉಕ್ಕಿನ ಬಂಡಿ ಪೈಪ್ 3/16 ಇಂಚಿನದು ಒಂದು ಕಾಯಿಲ್ ತಂದೆ. ಅಯಸ್ಕಾಂತ ಅಂಟ್ತು, ಒಳಗೆ ತಾಮ್ರದ ಬಣ್ಣಾನೂ ಕಂಡಿತು. ಕೋಲಾರದ ಅಣ್ಣ ಬೇಜಾರು ಮಾಡ್ಕೋಬೇಡಿ.

ನಟ್ಟೂ ತಂದಿದೀನಿ. ಒಂದು ಅನುಮಾನ: ಎರಡು ಥರ ನಟ್ ಕೊಟ್ಟಿದಾರೆ, ನೋಡೋಕೆ ಒಂದೇ ಥರ ಇವೆ. ಎರಡೂ ಟೀ ಒಳಗೆ ಹೋಗುತ್ತಾ ನೋಡಿದೆ, ಒಂದು ಎರಡು ಸುತ್ತಿಗೇ ನಿಲ್ಲುತ್ತೆ.

ಕೋಲಾರ_ಗ್ಯಾರೇಜ್

ಬೇಜಾರು ಯಾಕೆ ತಮ್ಮಾ, ಸರಿಯಾದ ಪೈಪೇ ತಂದಿದೀಯ.

ನಿಲ್ಲೋ ನಟ್ಟನ್ನ ಸ್ಪ್ಯಾನರ್ ಹಾಕಿ ತಿರುಗಿಸಬೇಡ! ಅದು ಎಂ10, ಜಪಾನ್ ಕಡೆಯ ಗಾಡಿಗಳದ್ದು, 10 ಮಿಮೀ ದಪ್ಪ, ಒಂದೊಂದು ಥ್ರೆಡ್ಡಿಗೂ 1 ಮಿಮೀ. ಜೀಪಿಂದು 3/8 ಇಂಚು, ಇಂಚಿಗೆ 24 ಥ್ರೆಡ್. 3/8 ಅಂದ್ರೆ ಒಂಬತ್ತೂವರೆ ಮಿಮೀ. ಅರ್ಧ ಮಿಮೀ ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ದಪ್ಪದ ನಟ್ಟನ್ನ ಸಣ್ಣ ತೂತಿಗೆ ಬಲವಂತವಾಗಿ ಹಾಕಿದರೆ ಟೀ ಹಾಳಾಯ್ತು, ಅದಾದರೂ ಗೊತ್ತಾಗುತ್ತೆ. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ. ಎಂ10 ತೂತಿಗೆ 3/8 ನಟ್ ಸಲೀಸಾಗಿ ಹೋಗುತ್ತೆ, ಬಿಗಿದ ಹಾಗೇ ಅನ್ನಿಸುತ್ತೆ, ಜೋರಾಗಿ ಬ್ರೇಕ್ ಒತ್ತಿದ ದಿನ ಥ್ರೆಡ್ ಕಿತ್ಕೊಂಡು ಪೈಪ್ ಆಚೆ ಬರುತ್ತೆ. ಯಾವ ನಟ್ಟೇ ಆಗಲಿ, ಬೆರಳಲ್ಲೇ ಆರೇಳು ಸುತ್ತು ಅಲುಗಾಟ ಇಲ್ಲದೆ ಹೋಗಬೇಕು, ಆಮೇಲೆ ಸ್ಪ್ಯಾನರ್. ಹಳೇ ಪೈಪಲ್ಲಿ 1/4 ಇಂಚಿನ ತುಂಡು ಎಲ್ಲಾದ್ರೂ ಇದ್ದರೆ ಅದರ ನಟ್ಟು ಬೇರೆ, 7/16. ಹಳೇ ಪೈಪ್ ಬಿಸಾಡಬೇಡ, ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸು.

ಲೇತ್_ಮೇಷ್ಟ್ರು

ಟೀ ಒಳಗೆ ಒಂದು ಕಡ್ಡಿ ಹಾಕಿ ತಡವಿ ನೋಡಿ. ಮಧ್ಯೆ ಗೋಪುರದ ಹಾಗೆ ಉಬ್ಬಿದ ಕೋನ್ ಸಿಕ್ಕಿದರೆ ಡಬಲ್ ಫ್ಲೇರ್ ಬೇಕು. ಕೆಲವು ಗಾಡಿಗಳಲ್ಲಿ ಅದು ಬಟ್ಟಲಿನ ಹಾಗೆ ತಗ್ಗಾಗಿರುತ್ತೆ, ಅದಕ್ಕೆ ಬಬಲ್ ಫ್ಲೇರ್. ಒಂದರ ಬದಲು ಇನ್ನೊಂದು ಕೂರಲ್ಲ. ನಿಮ್ಮದು ಉಬ್ಬಿದ್ದೇ ಆಗಿರುತ್ತೆ.

ನನ್ನ ಹತ್ರ ಡಬಲ್ ಫ್ಲೇರ್ ಟೂಲ್ ಇದೆ. ಭಾನುವಾರ ರಜ, ಕ್ಯಾತ್ಸಂದ್ರಕ್ಕೆ ನಾನೇ ಬರ್ತೀನಿ. ಟೀ ಕಾಫಿ ಸಾಕು.

ತುಮಕೂರು_ಸಿಜೆ3ಬಿ

ಕೆಲಸ ಮುಗೀತು. ಮೇಷ್ಟ್ರು ಬೆಳಗ್ಗೆ ಎಂಟಕ್ಕೇ ಬಂದರು, ಕತ್ತಲಾಗೋವರೆಗೂ ಇದ್ದರು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಕಂಡದ್ದನ್ನ ಬರೀತೀನಿ.

ಮೊದಲ ಒಂದು ಗಂಟೆ ಜೀಪಿನ ಹತ್ರಾನೇ ಹೋಗಲಿಲ್ಲ. ಪೈಪಿನ ಸಣ್ಣ ತುಂಡುಗಳಲ್ಲಿ ನನ್ನ ಕೈಯಲ್ಲೇ ಫ್ಲೇರ್ ಮಾಡಿಸಿದರು. ಪೈಪ್ ಕಟರಲ್ಲಿ ನೇರವಾಗಿ ಕತ್ತರಿಸೋದು, ಒಳಗಿನ ಹೊರಗಿನ ಚೂಪು ಅಂಚು ತೆಗೆಯೋದು, ತುದಿಯ ಎರಡು ಬೆರಳಷ್ಟು ಕೋಟಿಂಗ್ ಕೆರೆಯೋದು, ನಟ್ಟನ್ನ ಮೊದಲೇ ಪೈಪಿಗೆ ಏರಿಸೋದು. ಆಮೇಲೆ ಅಚ್ಚಿನ ಬಾರಲ್ಲಿ ಪೈಪ್ ಹಿಡಿಸಿ, ಮೇಲೆ ಎಷ್ಟು ಬಿಡಬೇಕು ಅನ್ನೋದನ್ನ ಅಡಾಪ್ಟರ್ ಗುಂಡಿಯ ಮೆಟ್ಟಿಲಿಗೆ ಅಳತೆ ಮಾಡ್ತಾರೆ. ಗುಂಡಿ ಕೂರಿಸಿ, ಒಂದು ಹನಿ ಬ್ರೇಕ್ ಆಯಿಲ್ ಬಿಟ್ಟು ಸ್ಕ್ರೂ ಒತ್ತಿದರೆ ತುದಿ ಅಣಬೆ ಥರ ಉಬ್ಬುತ್ತೆ. ಗುಂಡಿ ತೆಗೆದು ಕೋನಲ್ಲಿ ಒತ್ತಿದರೆ ಅಣಬೆಯ ತಲೆ ಒಳಕ್ಕೆ ಮಡಚಿಕೊಂಡು ಎರಡು ಪದರ ಆಗುತ್ತೆ. ನನ್ನ ಮೊದಲ ನಾಲ್ಕು ಸೊಟ್ಟ. ಐದನೇದನ್ನ ಮೇಷ್ಟ್ರು ಭೂತಗನ್ನಡಿಯಲ್ಲಿ ಸುತ್ತಲೂ ತಿರುಗಿಸಿ ನೋಡಿ, ಕೂದಲೆಳೆ ಬಿರುಕಿದೆ ಅಂತ ಪಕ್ಕಕ್ಕಿಟ್ಟರು. ಆರನೇದು ಸರಿಯಾಯ್ತು. ಅವತ್ತು ನನಗಾದ ಸಂತೋಷ ಹೇಳತೀರದು.

ಹಳೇ ಪೈಪನ್ನ ನೆಲದ ಮೇಲಿಟ್ಟು ಅದರ ಹಾಗೇ ಹೊಸದನ್ನ ಬೆಂಡರಲ್ಲಿ ಬಗ್ಗಿಸಿದೆವು. ಹಳೇ ಕ್ಲಾಂಪುಗಳನ್ನ ಬಿಚ್ಚಿದಾಗ ಒಂದೊಂದರ ಅಡಿಯಲ್ಲೂ ಗಟ್ಟಿಯಾದ ಕೆಮ್ಮಣ್ಣು. ಮಳೆಗಾಲದಲ್ಲಿ ಅದು ಒದ್ದೆ ಹಿಡಿದು ಪೈಪಿಗೆ ಅಂಟಿಕೊಂಡೇ ಇರುತ್ತೆ, ತೂತು ಅಲ್ಲೇ ಬಿದ್ದದ್ದು ಅದಕ್ಕೇ ಅಂದರು ಮೇಷ್ಟ್ರು. ಹೊಸ ಕ್ಲಾಂಪಿಗೆಲ್ಲಾ ರಬ್ಬರ್ ಒಳಪಟ್ಟಿ ಹಾಕಿ, ಒಂದಡಿಗೊಂದರಂತೆ ಬಿಗಿದೆವು. ಹಿಂದಿನ ಆಕ್ಸಲ್ಲಿನ ಹಳೇ ಪೈಪನ್ನ ಸೀಳಿ ನೋಡಿದರೆ ಒಳಗೂ ಕಂದು ಕೆಸರು ಇತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತಂತೆ. ಆರು ವರ್ಷ ನಿಂತ ಗಾಡಿ, ಅದಕ್ಕೂ ಮುಂಚೆ ಯಾವಾಗ ಬದಲಿಸಿದ್ರೋ ಗೊತ್ತಿಲ್ಲ. ಹೊರಗಿಂದ ಮಣ್ಣು, ಒಳಗಿಂದ ನೀರು, ಎರಡೂ ಸೇರಿ ತಿಂದಿವೆ.

ಹೋಸ್ ಮೂರೂ ಹೊಸದು. ಹೊಸ ಡಾಟ್ 3 ಆಯಿಲ್ ತುಂಬಿ, ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಏರ್ ತೆಗೆದೆವು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಒತ್ತಿದ್ದು ಅಮ್ಮ. "ಒತ್ತಮ್ಮ, ಹಿಡ್ಕೊ, ಬಿಡು" ಅಂತ ಮೇಷ್ಟ್ರು ಹೇಳಿದ ಹಾಗೆ ಒಂದು ಗಂಟೆ ಕೂತಿದ್ರು.

ರಾತ್ರಿ ಸೀಟಿಗೂ ಪೆಡಲಿಗೂ ನಡುವೆ ಒಂದು ಬಿದಿರು ಕೋಲು ಬಿಗಿಯಾಗಿ ಕೊಟ್ಟು, ಪ್ರತಿ ಜಾಯಿಂಟಿನ ಕೆಳಗೂ ನ್ಯೂಸ್ ಪೇಪರ್ ಹಾಸಿ ಬಿಟ್ಟೆವು. ಬೆಳಗ್ಗೆ ನೋಡಿದರೆ ಎಲ್ಲಾ ಒಣಗಿವೆ, ಹಿಂದಿನ ಟೀ ಕೆಳಗಿನ ಪೇಪರಲ್ಲಿ ಮಾತ್ರ ಒಂದು ರೂಪಾಯಿ ಅಗಲದ ಒದ್ದೆ.

ಲೇತ್_ಮೇಷ್ಟ್ರು

ಅದಕ್ಕೆ ಗಾಬರಿ ಬೇಡ. ಇನ್ನೂ ಬಿಗಿ ಮಾಡೋಕೆ ಹೋಗಬೇಡಿ. ನಟ್ ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಎರಡು ಮೂರು ಸಲ ಹಾಗೆ ಮಾಡಿದರೆ ಫ್ಲೇರ್ ಕೋನಿಗೆ ಒಪ್ಪಿ ಕೂರುತ್ತೆ. ಫ್ಲೇರ್ ನಟ್ ಸ್ಪ್ಯಾನರ್ ಬಿಟ್ಟು ಬಂದಿದೀನಿ, ಅದರಲ್ಲೇ ಮಾಡಿ, ಮಾಮೂಲಿ ಸ್ಪ್ಯಾನರಲ್ಲಿ ಮೂಲೆ ಸವೆಯುತ್ತೆ. ಆಮೇಲೆ ಆ ಚಕ್ರಗಳ ಏರ್ ಇನ್ನೊಂದ್ಸಲ ತೆಗೀರಿ. ಆಗಲೂ ಒಸರಿದರೆ ಆ ತುದಿ ಕತ್ತರಿಸಿ ಹೊಸ ಫ್ಲೇರ್ ಮಾಡೋಣ, ಅದಕ್ಕೇ ಒಂದಿಂಚು ಉದ್ದ ಬಿಟ್ಟಿದ್ದು.

ಚಿಂತಾಮಣಿ_800

ಅಮ್ಮ ಪೆಡಲ್ ಒತ್ತಿದ್ದು ಓದಿ ಕಣ್ಣು ತುಂಬಿ ಬಂತು ಅಣ್ಣ. ಅವರಿಗೆ ನನ್ನ ನಮಸ್ಕಾರ ಹೇಳಿ.

ತುಮಕೂರು_ಸಿಜೆ3ಬಿ

ಹೇಳಿದೆ ಅಕ್ಕ.

ಮೇಷ್ಟ್ರು ಹೇಳಿದ ಹಾಗೇ ಮಾಡಿದೆ, ಎರಡನೇ ಸಲಕ್ಕೇ ನಿಂತುಹೋಯ್ತು. ಇನ್ನೂ ಎರಡು ರಾತ್ರಿ ಕೋಲು ಕೊಟ್ಟು ನೋಡಿದೆ, ಪೇಪರ್ ಒಣಗೇ ಇತ್ತು. ಒಂದು ವಾರ ಬೆಳಗಿನ ಹೊತ್ತು ರಿಂಗ್ ರೋಡಲ್ಲಿ ಖಾಲಿ ಗಾಡಿ ಓಡಿಸಿ ನೋಡಿದೆ. ಪೆಡಲ್ ಒಂದೇ ಎತ್ತರಕ್ಕೆ ನಿಲ್ಲುತ್ತೆ, ಎಳೆತ ಇಲ್ಲ. ನಿನ್ನೆ ಒಬ್ಬನೇ ದುರ್ಗ ಹತ್ತಿ, ಎರಡನೇ ಗೇರಲ್ಲೇ ಇಳಿದೆ. ಆ ದಿಬ್ಬದ ಹತ್ರ ನಿಲ್ಲಿಸಿ ಎಲ್ಲಾ ಜಾಯಿಂಟೂ ಕೈಯಲ್ಲಿ ಮುಟ್ಟಿ ನೋಡಿದೆ. ಬೆರಳಿಗೆ ಧೂಳು ಬಿಟ್ಟರೆ ಏನೂ ಹತ್ತಲಿಲ್ಲ. ಮುಂದಿನ ಶನಿವಾರ ಅಮ್ಮನ್ನ ಕರ್ಕೊಂಡು ಹೋಗ್ತೀನಿ.

ಗುಬ್ಬಿ ಅಣ್ಣಾ, ಕಾಯಿಲಲ್ಲಿ ಹತ್ತಡಿ ಮೇಲೆ ಉಳಿದಿದೆ, 3/8ರ ಉಕ್ಕಿನ ನಟ್ ನಾಲ್ಕಿವೆ. ನಿಮ್ಮ ಹಿಂದಿನ ಆಕ್ಸಲ್ಲಿಗೆ ಸಾಕಾಗುತ್ತೆ ಅನ್ಸುತ್ತೆ. ಗಾಡಿ ತರಬೇಡಿ, ಹಳೇ ಪೈಪ್ ಮಾತ್ರ ಬಿಚ್ಚಿ ಬಸ್ಸಲ್ಲಿ ತನ್ನಿ, ಅಳತೆ ನೋಡಿ ಇಲ್ಲೇ ಮಾಡೋಣ. ಟೂಲ್ ಇನ್ನೂ ನನ್ನ ಹತ್ರಾನೇ ಇದೆ.